ಹಿಮಕರಡಿಗೆ ಯಾವ ಬಣ್ಣ?

ಮಕ್ಕಳ ಕೈಗೆ ಕೊಡುವ ಬಣ್ಣ ತುಂಬುವ ಹಾಳೆಯನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಲೇಖನ ಬರೆಯುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಶಾಸನ, ಛಂದಸ್ಸು, ಅರ್ಥಶಾಸ್ತ್ರ ಮೊದಲಾದ ಘನವಾದ ವಿಷಯಗಳಿರುವಾಗ ಇದೇಕೆ ಎಂದು ಸಹಪಾಠಿಗಳು ಕೇಳಿಯೂ ಕೇಳಿದರು. ಆದರೆ ನಮ್ಮಲ್ಲಿ ಅನೇಕರ ಮನೆಗಳಲ್ಲಿ, ಪಠ್ಯಪುಸ್ತಕವನ್ನು ಬಿಟ್ಟರೆ, ಮಗುವಿನ ಕೈಗೆ ಮೊದಲು ಸಿಗುವ ಮುದ್ರಿತ ಕಾಗದವೆಂದರೆ ಇಂಥ ಹಾಳೆಯೇ. ಓದು ಬಾರದ ಮಗು ಅದನ್ನು ಓದುತ್ತದೆ. ಓದು ಬಾರದ ತಾಯಿಯೂ ಅದನ್ನು ನೋಡಿ ಒಂದು ಅಭಿಪ್ರಾಯವನ್ನು ಹೇಳಬಲ್ಲಳು. ಅಕ್ಷರಕ್ಕಿಂತ ಮುಂಚೆ ಬರುವ ಈ ಪಾಠವು ಸರಿಯಾಗಿದೆಯೇ ಎಂದು ವಿಚಾರಿಸುವುದು ಹಗುರವಾದ ಕೆಲಸವಲ್ಲವೆಂದು ನನ್ನ ಭಾವನೆ. ಇಂಥ ಹಾಳೆಗಳ ಪೈಕಿ ಹಿಮಕರಡಿಯ ಹಾಳೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಬಣ್ಣ ತುಂಬು ಎಂದು ಕೊಟ್ಟ ಹಾಳೆ, ಅದರಲ್ಲಿರುವುದೋ ಬಿಳಿಯ ಪ್ರಾಣಿ, ಕಾಗದವೂ ಬಿಳಿದೇ. ಹಾಗಾದರೆ ಮಗು ಮಾಡಬೇಕಾದುದೇನು?

ಈ ಹಾಳೆಯ ಸ್ವರೂಪ ಎಲ್ಲರಿಗೂ ತಿಳಿದುದೇ. ಪ್ರಾಣಿಯ ಹೊರಗೆರೆಯನ್ನು ಮಾತ್ರ ಕಪ್ಪು ಗೆರೆಯಿಂದ ಬರೆದು ಒಳಗೆ ಖಾಲಿ ಬಿಟ್ಟಿರುತ್ತಾರೆ. ಹಿಂದೆ ಇವು ಪುಸ್ತಕವಾಗಿ ಬರುತ್ತಿದ್ದುವು. ಈಗ ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಳ್ಳುವುದೇ ಹೆಚ್ಚು. ಅಮೆರಿಕದಲ್ಲಿ ಮೆಕ್‌ಲಾಫ್ಲಿನ್ ಸೋದರರು ಕೇಟ್ ಗ್ರೀನವೇ ಎಂಬ ಇಂಗ್ಲಿಷ್ ಚಿತ್ರಕಾರ್ತಿಯ ಚಿತ್ರಗಳಿಂದ ಕೂಡಿದ ಇಂಥದೊಂದು ಪುಸ್ತಕವನ್ನು ೧೮೮೦ರ ಸುಮಾರಿಗೆ ಪ್ರಕಟಿಸಿದರು. ಆಗ ತುಂಬಬೇಕಾಗಿದ್ದುದು ನೀರಿನ ಬಣ್ಣವನ್ನು, ಕುಂಚದಿಂದ. ಮೇಣದ ಬಣ್ಣದ ಕಡ್ಡಿ ಅಗ್ಗವಾಗಿ ಬಂದ ಮೇಲೆಯೇ ಈ ಆಟ ಸಾಮಾನ್ಯರ ಮಕ್ಕಳಿಗೂ ಎಟುಕಿತು. ೧೯೦೩ರಲ್ಲಿ ಬಿನ್ನಿ ಅಂಡ್ ಸ್ಮಿತ್ ಎಂಬ ಅಮೆರಿಕದ ಕಂಪನಿಯು ಕ್ರೇಯೋಲಾ ಎಂಬ ಹೆಸರಿನಿಂದ ಎಂಟು ಕಡ್ಡಿಗಳ ಪೆಟ್ಟಿಗೆಯನ್ನು ಐದು ಸೆಂಟಿಗೆ ಮಾರಿತು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಕಂದು, ಕಪ್ಪು - ಇವು ಆ ಎಂಟು. ಬಿಳಿ ಅದರಲ್ಲಿರಲಿಲ್ಲ. ಬಿಳಿಯ ಕಾಗದದ ಮೇಲೆ ಬಿಳಿಗೇನು ಕೆಲಸವೆಂದು ತಯಾರಿಸಿದವರು ಯೋಚಿಸಿದ್ದರೆ ಆಶ್ಚರ್ಯವಿಲ್ಲ. ನನ್ನ ತಮ್ಮನ ಹಾಳೆಯನ್ನು ನೋಡಿ ನಮ್ಮ ತಾಯಿಯವರೂ ಅದನ್ನೇ ಹೇಳಿದರು: "ಬಿಳೀದಕ್ಕೆ ಬಣ್ಣ ಯಾಕಪ್ಪ ಹಚ್ಬೇಕು? ಹಂಗೇ ಬಿಟ್ರೆ ಬಿಳಿಯಾಯ್ತಲ್ಲ!"

ಈ ಮಾತಿಗೆ ಉತ್ತರ ಕೊಡಬೇಕಾದರೆ ಹಿಮಕರಡಿ ನಿಜವಾಗಿ ಬಿಳಿಯೇ ಎಂಬುದನ್ನು ಮೊದಲು ನೋಡಬೇಕು. ಅದರ ಚರ್ಮ ಕಪ್ಪು. ಮೂಗು, ತುಟಿ, ಅಂಗಾಲು ಇವುಗಳಲ್ಲಿ ಆ ಕಪ್ಪು ಹೊರಗೆ ಕಾಣುತ್ತದೆ. ಉಳಿದ ಕಡೆ ಕೂದಲು ಅದನ್ನು ಮುಚ್ಚಿದೆ. ಇನ್ನು ಆ ಕೂದಲಿನಲ್ಲಿಯಾದರೂ ಬಿಳಿಯ ಬಣ್ಣವಿದೆಯೇ ಎಂದರೆ ಅದೂ ಇಲ್ಲ. ಅದರಲ್ಲಿ ವರ್ಣದ್ರವ್ಯವೇ ಇಲ್ಲ. ಒಂದೊಂದು ಎಳೆಯೂ ಗಾಜಿನಂತೆ ಪಾರಕ, ಹೊರಗಿನ ಉದ್ದ ಕೂದಲು ಕೊಳವೆಯಂತೆ ಒಳಗೆ ಟೊಳ್ಳು. ಬೆಳಕು ಅಂಥ ಲಕ್ಷಾಂತರ ಎಳೆಗಳ ಮೇಲೆ ಬಿದ್ದು ದಿಕ್ಕುದಿಕ್ಕಿಗೆ ಚದುರುವುದರಿಂದ ನಮ್ಮ ಕಣ್ಣಿಗೆ ಬಿಳಿ ಕಾಣುತ್ತದೆ. ಪಾರಕವಾದ ಹರಳು ಸಕ್ಕರೆಯನ್ನು ಕುಟ್ಟಿ ಪುಡಿ ಮಾಡಿದರೆ ಬೆಳ್ಳಗಾಗುವುದನ್ನು ಅಡಿಗೆಮನೆಯಲ್ಲಿ ಯಾರು ಬೇಕಾದರೂ ನೋಡಬಹುದು. ಹಿಮ ಬೆಳ್ಳಗಿರುವುದೂ ಈ ಕಾರಣದಿಂದಲೇ. ಆದುದರಿಂದ ಕರಡಿಯೂ ಅದು ನಿಂತಿರುವ ನೆಲವೂ ಒಂದೇ ಉಪಾಯದಿಂದ ಬಿಳಿಯಾಗಿವೆಯೆನ್ನಬೇಕು.

ಇಲ್ಲಿ ಒಂದು ಕಟ್ಟುಕಥೆಯನ್ನು ತಳ್ಳಿಹಾಕುವುದು ಅವಶ್ಯ. ಆ ಟೊಳ್ಳು ಕೂದಲು ಸೂರ್ಯನ ನೇರಳಾತೀತ ಕಿರಣಗಳನ್ನು ಗಾಜಿನ ತಂತುವಿನಂತೆ ಚರ್ಮಕ್ಕೆ ಸಾಗಿಸಿ ಮೈಯನ್ನು ಬೆಚ್ಚಗಿಡುತ್ತದೆಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿದ್ದಾರೆ. ಅಮೆರಿಕದ ಭೌತವಿಜ್ಞಾನಿ ಡೇನಿಯಲ್ ಕೂನ್ ಎಂಬವರು ಕೂದಲನ್ನೇ ತಂದು ಪರೀಕ್ಷಿಸಿ, ಬೆಳಕು ಅದರೊಳಗೆ ಸ್ವಲ್ಪ ದೂರ ಹೋಗುವಷ್ಟರಲ್ಲಿಯೇ ನಂದಿಹೋಗುತ್ತದೆಂದು ೧೯೯೮ರಲ್ಲಿ ತೋರಿಸಿದರು. ನೇರಳಾತೀತ ಕಿರಣಗಳ ಸಂಗತಿಯಲ್ಲಿ ನಿಜವಾದುದು ಬೇರೊಂದುಂಟು. ಕೂದಲು ಆ ಕಿರಣಗಳನ್ನು ಹೀರಿಕೊಳ್ಳುತ್ತದೆ, ಹಿಮವಾದರೋ ಹಿಂದಕ್ಕೆ ಎಸೆಯುತ್ತದೆ. ಆದಕಾರಣ ಆ ಕಿರಣಗಳನ್ನು ಹಿಡಿಯುವ ಕ್ಯಾಮೆರಾದಲ್ಲಿ ಬಿಳಿಯ ಹಿಮದ ಮೇಲೆ ಕರಡಿ ಕಪ್ಪಗೆ ಮೂಡುತ್ತದೆ. ಲವೀನ್ ಮತ್ತು ಓರಿಟ್ಸ್‌ಲ್ಯಾಂಡ್ ಎಂಬ ಇಬ್ಬರು ವಿಜ್ಞಾನಿಗಳು ೧೯೭೪ರಲ್ಲಿ ಇದನ್ನು ಪ್ರಕಟಿಸಿದರು. ಹಿಮಕರಡಿಗೆ ಕಪ್ಪು ಬಳಿದ ಮಗುವಿನ ಪರವಾಗಿ ಇಷ್ಟು ಸಾಕ್ಷ್ಯವಿದೆ!

ಹಳದಿ ಬಳಿದ ಮಗುವಿನ ಪರವಾಗಿ ಇನ್ನೂ ಹೆಚ್ಚು ಹೇಳಬಹುದು. ಸೀಲ್ ಎಂಬ ಕಡಲಪ್ರಾಣಿಯ ಕೊಬ್ಬೇ ಹಿಮಕರಡಿಯ ಮುಖ್ಯ ಆಹಾರ. ಅದರ ಎಣ್ಣೆ ಅಂಟಿ, ಬಿಸಿಲು ತಾಗಿ, ಬೇಸಗೆಯ ವೇಳೆಗೆ ಕೂದಲು ಹಳದಿಗೆ ತಿರುಗುತ್ತದೆ. ನಿರ್ಮಲವಾದ ಬಿಳುಪು ಕಾಣುವುದು ಹಳೆಯ ಕೂದಲು ಉದುರಿ ಹೊಸದು ಬಂದಾಗ ಮಾತ್ರ. ಸಂಜೆಯ ಓರೆ ಬಿಸಿಲಿನಲ್ಲಿ ಅದೇ ಪ್ರಾಣಿ ಕಿತ್ತಳೆ ಬಣ್ಣದ್ದಾಗಿಯೂ, ನೆರಳಿನಲ್ಲಿ ತಿಳಿನೀಲಿಯಾಗಿಯೂ ತೋರುವುದುಂಟು.

ಇನ್ನು ಹಸಿರು. ಹಿಂದಿನ ವರ್ಷ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಹೋಗಿದ್ದಾಗ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಈ ಹಾಳೆಗಳನ್ನು ಹಂಚಿದೆವು. ಎರಡನೆಯ ತರಗತಿಯ ಒಬ್ಬ ಹುಡುಗಿ ಕರಡಿಗೆ ಕಿವಿಯಿಂದ ಬಾಲದವರೆಗೆ ಗಿಳಿಹಸಿರು ಬಳಿದಿದ್ದಳು. ನೋಡಿದವರೆಲ್ಲ ನಕ್ಕರು, ಹಿರಿಯರೊಬ್ಬರು "ಹಸಿರು ಕರಡಿ ಎಲ್ಲಾದರೂ ಉಂಟೇನಮ್ಮ?" ಎಂದು ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಬೇರೆ ಚಿತ್ರ ಬರೆಯಲು ಹೇಳಿದರು. ಹುಡುಗಿ ಏನನ್ನೂ ಬರೆಯಲಿಲ್ಲ. ಹಸಿರು ಕರಡಿ ಉಂಟು. ೧೯೭೮ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೋ ಮೃಗಾಲಯದ ಹಿಮಕರಡಿಗಳು ಹಸಿರಾದುವು. ಕಾರಣವನ್ನು ಹುಡುಕಿದಾಗ, ಕೊಳದ ನೀರಿನ ಪಾಚಿಯು ಆ ಟೊಳ್ಳು ಕೂದಲಿನ ಒಳಗೆ ಸೇರಿ ಅಲ್ಲಿಯೇ ಬೆಳೆಯುತ್ತಿದ್ದುದು ಸೂಕ್ಷ್ಮದರ್ಶಕದಲ್ಲಿ ಕಂಡುಬಂದಿತು. ಸಿಂಗಪುರದ ಮೃಗಾಲಯದಲ್ಲಿ ಶೀಬಾ ಎಂಬ ಹೆಣ್ಣು ಕರಡಿಗೂ ಅದರ ಮಗನಾದ ಇನೂಕನಿಗೂ ೨೦೦೪ರಲ್ಲಿ ಹೀಗೆಯೇ ಆಯಿತು. ಹೈಡ್ರೊಜನ್ ಪೆರಾಕ್ಸೈಡಿನಿಂದ ತೊಳೆದು ಬಿಳಿಯ ಬಣ್ಣಕ್ಕೆ ತಂದರು. ಇನೂಕ ಹುಟ್ಟಿದ್ದು ಸಿಂಗಪುರದಲ್ಲಿಯೇ, ೧೯೯೦ರಲ್ಲಿ. ಭೂಮಧ್ಯರೇಖೆಯ ಸಮೀಪದಲ್ಲಿಯೇ ಜೀವಮಾನವನ್ನು ಕಳೆದು ೨೦೧೮ರಲ್ಲಿ ತೀರಿಕೊಂಡಿತು. ಆ ಹುಡುಗಿಗೆ ಈ ಸಂಗತಿ ತಿಳಿದಿರಲಿಲ್ಲ, ನಿಜ. ಅವಳ ಡಬ್ಬಿಯಲ್ಲಿ ಹಸಿರೇ ಉದ್ದವಾಗಿ ಉಳಿದಿದ್ದಿರಬೇಕು. ಆದರೆ "ಇಲ್ಲ" ಎಂದವರಿಗೂ ತಿಳಿದಿರಲಿಲ್ಲವಷ್ಟೆ.

ಬಣ್ಣದ ವಿಷಯದಲ್ಲಿ ಇಷ್ಟು ಸಡಿಲವಾಗಿರಬಹುದೆಂದು ಹೇಳಿದ ನಾನು ಗೆರೆಯ ವಿಷಯದಲ್ಲಿ ಅಷ್ಟು ಸಡಿಲನಾಗಲಾರೆ. ಬಣ್ಣ ಮಗುವಿನದು, ಗೆರೆ ದೊಡ್ಡವರದು. ಮಗು ಆ ಗೆರೆಯನ್ನು ನಂಬಿ ಅದರೊಳಗೇ ಕೈಯಾಡಿಸುತ್ತದೆ. ನಾನು ನೋಡಿದ ಹಲವಾರು ಹಾಳೆಗಳಲ್ಲಿ ಬಹುಪಾಲು ಚಿತ್ರಗಳು ಹಿಮಕರಡಿಯವಲ್ಲ. ದುಂಡು ಮುಖ, ಗಿಡ್ಡ ಕತ್ತು, ತಟ್ಟೆಯಂಥ ಕಿವಿಗಳ ಆಟದ ಗೊಂಬೆಯ ಚಿತ್ರಗಳು. ತಲೆಬರಹವನ್ನು ಅಳಿಸಿದರೆ ಅದು ಯಾವ ಕರಡಿಯೂ ಆಗಬಹುದು. ನಿಜವಾದ ಹಿಮಕರಡಿಯನ್ನು ಅದರ ಗೆರೆಯಿಂದಲೇ ಗುರುತಿಸಬಹುದು. ಕತ್ತು ನೀಳ, ತಲೆ ದೇಹಕ್ಕೆ ಹೋಲಿಸಿದರೆ ಸಣ್ಣದು, ಉದ್ದನೆಯದು, ಕಿವಿಗಳು ಚಿಕ್ಕವು, ಏಕೆಂದರೆ ಚಳಿಯ ನಾಡಿನಲ್ಲಿ ದೊಡ್ಡ ಕಿವಿಯಿಂದ ದೇಹದ ಶಾಖ ನಷ್ಟವಾಗುತ್ತದೆ. ಕಂದು ಕರಡಿಗೆ ಹೆಗಲ ಮೇಲೆ ಡುಬ್ಬವಿದೆ, ಇದಕ್ಕಿಲ್ಲ. ಇದರ ಬೆನ್ನು ಹಿಂದಕ್ಕೆ ಹೋದಂತೆ ಎತ್ತರವಾಗುತ್ತದೆ. ಮುಂಗಾಲಿನ ಪಾದ ಸುಮಾರು ೩೦ ಸೆಂಟಿಮೀಟರು ಅಗಲ, ಎಂದರೆ ಶಾಲೆಯ ಅಳತೆಪಟ್ಟಿಯಷ್ಟು. ಈಜುವಾಗ ಅದು ಹುಟ್ಟು. ತೆಳು ಮಂಜುಗಡ್ಡೆಯ ಮೇಲೆ ನಡೆಯುವಾಗ ಭಾರವನ್ನು ಹಂಚುವ ಹಲಗೆ. ದೊಡ್ಡ ಗಂಡು ೬೦೦ ಕಿಲೋಗ್ರಾಂ ತೂಗುವುದುಂಟು. ಅಂಥ ಪ್ರಾಣಿ ಮಂಜುಗಡ್ಡೆಯ ಮೇಲೆ ನಿಲ್ಲಬೇಕಾದರೆ ಪಾದ ಹಾಗಿರಲೇಬೇಕು. ಹಾಳೆಯಲ್ಲಿ ಪಾದವನ್ನು ಬೆಕ್ಕಿನ ಪಾದದಂತೆ ಬರೆದರೆ ಪ್ರಾಣಿಯ ಬಾಳಿನ ಅರ್ಧ ಕಥೆ ಹೋದಂತೆಯೇ.

ನಮ್ಮ ನಾಡಿನ ಮಗುವಿಗೆ ಇದನ್ನು ಹೇಳಲು ಒಂದು ಅನುಕೂಲವೂ ಉಂಟು. ಕರಡಿಯೆಂದರೆ ನಮಗೆ ಕಪ್ಪು ಕರಡಿ. ಹಂಪೆಗೆ ಸಮೀಪದ ದರೋಜಿಯಲ್ಲಿ ೧೯೯೪ರಲ್ಲಿ ಅದಕ್ಕಾಗಿಯೇ ಒಂದು ಅಭಯಾರಣ್ಯವನ್ನು ಮಾಡಿದ್ದಾರೆ. ಅದರ ಉಗುರು ಉದ್ದ, ಹುತ್ತವನ್ನು ಅಗೆಯುವುದಕ್ಕೆ. ಮೂತಿ ಮುಂದಕ್ಕೆ ಚಾಚಿದೆ, ಗೆದ್ದಲನ್ನು ಹೀರುವುದಕ್ಕೆ. ಮೈಮೇಲೆ ಜೋಲುವ ಕೂದಲು, ಎದೆಯ ಮೇಲೆ ಬಿಳಿಯ ಗುರುತು. ಹಿಮಕರಡಿಯ ಉಗುರು ಮೋಟು, ಗಟ್ಟಿ, ಡೊಂಕು. ಮಂಜುಗಡ್ಡೆಯನ್ನು ಕಚ್ಚಿ ಹಿಡಿಯಲೂ ಸೀಲನ್ನು ಸೆಳೆಯಲೂ ತಕ್ಕುದು. ಎರಡರ ಹೊರಗೆರೆಯನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಕೊಟ್ಟರೆ, ಊಟ ಬೇರೆಯಾದರೆ ಉಗುರು ಬೇರೆಯಾಗುತ್ತದೆಂಬುದು ಉಪನ್ಯಾಸವಿಲ್ಲದೆ ತಿಳಿಯುತ್ತದೆ. ಇಂಥ ಹಾಳೆ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ.

ಕರಡಿಯ ಸುತ್ತ ಬರೆಯುವ ವಸ್ತುಗಳಲ್ಲಿಯಂತೂ ಅಜ್ಞಾನಕ್ಕೆ ಮೇರೆಯಿಲ್ಲ. ಅತಿ ಸಾಮಾನ್ಯವಾದ ತಪ್ಪು ಪೆಂಗ್ವಿನ್ ಹಕ್ಕಿ. ಹಿಮಕರಡಿ ಇರುವುದು ಭೂಮಿಯ ಉತ್ತರ ತುದಿಯಲ್ಲಿ - ಕೆನಡ, ಗ್ರೀನ್‌ಲ್ಯಾಂಡ್, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್, ರಷ್ಯ, ಅಮೆರಿಕದ ಅಲಾಸ್ಕ, ಇಷ್ಟು ಕಡೆ. ಪೆಂಗ್ವಿನ್ ದಕ್ಷಿಣಾರ್ಧಗೋಳದ ಹಕ್ಕಿ. ತೀರ ಉತ್ತರಕ್ಕೆಂದರೆ ಭೂಮಧ್ಯರೇಖೆಯ ಮೇಲಿರುವ ಗಲಾಪಗೋಸ್ ದ್ವೀಪಗಳವರೆಗೆ ಮಾತ್ರ ಅದರ ವಾಸ. ಈ ಎರಡು ಪ್ರಾಣಿಗಳು ಒಂದನ್ನೊಂದು ನೋಡಿದ್ದರೆ ಅದು ಮೃಗಾಲಯದಲ್ಲಿ, ಇಲ್ಲವೆ ಇಂಥ ಹಾಳೆಗಳಲ್ಲಿ. ಉತ್ತರ ಧ್ರುವ ಪ್ರದೇಶಕ್ಕೆ ಇಂಗ್ಲಿಷಿನಲ್ಲಿರುವ ಆರ್ಕ್ಟಿಕ್ ಎಂಬ ಹೆಸರೇ ಕರಡಿಯೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. ಅದು ಈ ಕರಡಿಯಲ್ಲ, ಆಕಾಶದ ಕರಡಿ: ನಾವು ಸಪ್ತರ್ಷಿಮಂಡಲವೆನ್ನುವ ನಕ್ಷತ್ರಗಳನ್ನು ಗ್ರೀಕರು ದೊಡ್ಡ ಕರಡಿಯೆಂದು ಕರೆದರು. ಆ ಗ್ರೀಕ್ ಶಬ್ದವೂ ಸಂಸ್ಕೃತದ ಋಕ್ಷ ಶಬ್ದವೂ ಸೋದರ ಶಬ್ದಗಳು. ಸಪ್ತರ್ಷಿಗಳಿಗೆ ಹಿಂದೆ ಋಕ್ಷಗಳೆಂಬ ಹೆಸರಿದ್ದಿತೆಂದು ಶತಪಥ ಬ್ರಾಹ್ಮಣದಲ್ಲಿಯೇ ಹೇಳಿದೆ. ಇದು ದಾರಿ ತಪ್ಪಿದ ಮಾತಾಯಿತಾದರೂ ಭಾಷಾಶಾಸ್ತ್ರದ ತರಗತಿಯವರು ಕ್ಷಮಿಸುವರೆಂದು ನಂಬಿದ್ದೇನೆ.

ಎರಡನೆಯ ತಪ್ಪು ಕುಟುಂಬದ ಚಿತ್ರ. ಅಪ್ಪ ಕರಡಿ, ಅಮ್ಮ ಕರಡಿ, ನಡುವೆ ಮರಿ, ಮೂವರೂ ನಗುತ್ತಿರುತ್ತಾರೆ. ವಾಸ್ತವವಾಗಿ ಗಂಡು ಮರಿಯ ಪಾಲನೆಯಲ್ಲಿ ಭಾಗಿಯೇ ಅಲ್ಲ. ಮರಿಯನ್ನು ಕೊಲ್ಲುವುದೂ ಉಂಟು. ಬಸುರಾದ ಹೆಣ್ಣು ಹಿಮವನ್ನು ಕೊರೆದು ಗುಹೆ ಮಾಡಿಕೊಂಡು ಚಳಿಗಾಲದ ನಡುವೆ ಸಾಮಾನ್ಯವಾಗಿ ಅವಳಿ ಮರಿಗಳನ್ನು ಹಾಕುತ್ತದೆ. ಹುಟ್ಟಿದ ಮರಿಯ ತೂಕ ಸುಮಾರು ೬೦೦ ಗ್ರಾಂ ಮಾತ್ರ, ತಾಯಿಯ ತೂಕದಲ್ಲಿ ನೂರರ ಒಂದು ಪಾಲೂ ಇಲ್ಲ. ಮಾರ್ಚಿ-ಏಪ್ರಿಲಿನಲ್ಲಿ ಹೊರಬೀಳುವವರೆಗೆ ತಿಂಗಳುಗಟ್ಟಲೆ ತಾಯಿ ಏನನ್ನೂ ತಿನ್ನದೆ, ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿ ಹಾಲೂಡುತ್ತದೆ. ಆಮೇಲೆಯೂ ಸುಮಾರು ಎರಡೂವರೆ ವರ್ಷ ಮರಿಗಳು ಅದರ ಹಿಂದೆಯೇ ನಡೆದು ಬೇಟೆಯನ್ನು ಕಲಿಯುತ್ತವೆ. ತಾಯಿಯೂ ಎರಡು ಮರಿಗಳೂ ಸಾಲಾಗಿ ನಡೆಯುವ ಚಿತ್ರಕ್ಕಿಂತ ಸುಂದರವಾದುದು ಇನ್ನೇನು ಬೇಕು? ಅದಕ್ಕೆ ಸುಳ್ಳು ಅಪ್ಪನನ್ನು ಏಕೆ ಸೇರಿಸಬೇಕೋ ನಾನರಿಯೆ.

ಬಿಳಿಯ ಪ್ರಾಣಿಯನ್ನು ಬಿಳಿಯ ಕಾಗದದ ಮೇಲೆ ತೋರಿಸುವುದು ಹೇಗೆಂಬ ಮೊದಲಿನ ಪ್ರಶ್ನೆಗೆ ಈಗ ಬರಬಹುದು. ಗ್ರೀನ್‌ಲ್ಯಾಂಡಿನ ಲಾಂಛನದಲ್ಲಿ ಎದ್ದುನಿಂತ ಬಿಳಿಯ ಕರಡಿಯಿದೆ. ಅದರ ಹಿಂದಿನ ಗುರಾಣಿ ಪೂರ್ತಿ ನೀಲಿ. ಕರಡಿಗೆ ಬಣ್ಣ ಕೊಟ್ಟಿಲ್ಲ, ಅದರ ಸುತ್ತಲಿನದಕ್ಕೆ ಕೊಟ್ಟಿದ್ದಾರೆ. ಕರಡಿ ತಾನಾಗಿ ಬೆಳ್ಳಗೆ ಎದ್ದುಬಂದಿದೆ. ಮಗುವಿಗೆ ಕಲಿಸಬೇಕಾದ ಉಪಾಯ ಇದೇ. ನಮ್ಮ ತಾಯಿಯವರ ಮಾತೂ ನಿಜವಾಯಿತು: ಕರಡಿಯನ್ನು ಹಾಗೆಯೇ ಬಿಡುವುದು, ಕಡ್ಡಿಯನ್ನು ಅದರ ಹೊರಗೆ ಓಡಿಸುವುದು. ಆದರೆ ಬಹುಪಾಲು ಹಾಳೆಗಳಲ್ಲಿ ಹೊರಗೆ ಏನನ್ನೂ ಬರೆದಿರುವುದಿಲ್ಲ! ಖಾಲಿ ಕರಡಿ, ಸುತ್ತ ಖಾಲಿ ಕಾಗದ. ಈ ಪ್ರಾಣಿಗೆ ೧೭೭೪ರಲ್ಲಿ ಶಾಸ್ತ್ರೀಯ ನಾಮವನ್ನು ಕೊಟ್ಟ ಫಿಪ್ಸ್ ಎಂಬ ಇಂಗ್ಲಿಷ್ ನಾವಿಕನು 'ಉರ್ಸಸ್ ಮ್ಯಾರಿಟಿಮಸ್', ಎಂದರೆ ಸಮುದ್ರದ ಕರಡಿ, ಎಂದು ಹೆಸರಿಟ್ಟನು. ಬಿಳಿ ಎಂದು ಹೇಳಲಿಲ್ಲ. ಹೆಸರಿನಲ್ಲಿಯೇ ಇರುವ ಸಮುದ್ರವು ಹಾಳೆಯಲ್ಲಿ ಇಲ್ಲದಿರುವುದೇ ದೊಡ್ಡ ಕೊರತೆ. ಕೆನಡದ ಉತ್ತರದಲ್ಲಿ ಸಾವಿರ ವರ್ಷಗಳ ಹಿಂದೆ ಬಾಳಿದ ಡಾರ್ಸೆಟ್ ಸಂಸ್ಕೃತಿಯ ಜನರು ದಂತದಲ್ಲಿ ಕೆತ್ತಿದ ಸಣ್ಣ ಹಿಮಕರಡಿಗಳು ದೊರೆತಿವೆ. ಕೆಲವು ಈಜುವಂತೆಯೋ ತೇಲುವಂತೆಯೋ ಮೈಚಾಚಿವೆ, ಮೈಮೇಲೆ ಎಲುಬಿನ ಗೆರೆಗಳನ್ನು ಕೊರೆದಿದ್ದಾರೆ. ಆ ಪ್ರಾಣಿಯೊಡನೆ ಬಾಳಿದವರಿಗೆ ಅದರ ಬಣ್ಣಕ್ಕಿಂತ ಎಲುಬು ಮುಖ್ಯವಾಗಿದ್ದಿರಬೇಕೆಂದು ನನಗೆ ತೋರುತ್ತದೆ.

ಆ ಸಮುದ್ರವನ್ನು ಬರೆದರೆ ಅದರಲ್ಲಿ ಬಿಳಿ ಎಷ್ಟು, ನೀಲಿ ಎಷ್ಟು? ಇದು ಚಿತ್ರಕಲೆಯ ಪ್ರಶ್ನೆಯಷ್ಟೇ ಅಲ್ಲ. ಹಿಮಕರಡಿ ಸೀಲನ್ನು ಹಿಡಿಯುವುದು ಹೆಪ್ಪುಗಟ್ಟಿದ ಕಡಲಿನ ಮೇಲೆ ನಿಂತು. ಉಸಿರಾಟಕ್ಕೆ ಸೀಲ್ ತಲೆಯೆತ್ತುವ ರಂಧ್ರದ ಬಳಿ ಗಂಟೆಗಟ್ಟಲೆ ಅಲುಗದೆ ಕಾಯುತ್ತದೆ. ಬಿಡುಗಡೆಯ ನೀರಿನಲ್ಲಿ ಸೀಲೇ ಚುರುಕು. ಅಲ್ಲಿ ಕರಡಿಗೆ ಅದು ಸಿಕ್ಕುವುದು ಅಪರೂಪ. ಆದುದರಿಂದ ಮಂಜುಗಡ್ಡೆ ಇದಕ್ಕೆ ಮನೆಯಲ್ಲ, ಹೊಲ. ಉಪಗ್ರಹಗಳು ಸತತವಾಗಿ ಅಳೆಯಲು ತೊಡಗಿದ ಹೊಸತರಲ್ಲಿ, ೧೯೭೯ರ ಸೆಪ್ಟೆಂಬರಿನಲ್ಲಿ, ಉತ್ತರದ ಕಡಲಿನ ಮಂಜುಗಡ್ಡೆ ಸುಮಾರು ೭೦ ಲಕ್ಷ ಚದರ ಕಿಲೋಮೀಟರು ಇದ್ದಿತು. ೨೦೧೨ರ ಸೆಪ್ಟೆಂಬರಿನಲ್ಲಿ ಸುಮಾರು ೩೪ ಲಕ್ಷಕ್ಕೆ ಇಳಿಯಿತು. ೨೦೦೮ರಲ್ಲಿ ಅಲಾಸ್ಕದ ಉತ್ತರಕ್ಕಿರುವ ಬೋಫರ್ಟ್ ಸಮುದ್ರದಲ್ಲಿ, ಕೊರಳಿಗೆ ಪಟ್ಟಿ ಕಟ್ಟಿದ್ದ ಒಂದು ತಾಯಿ ಕರಡಿ ಮಂಜುಗಡ್ಡೆಯನ್ನು ಹುಡುಕಿಕೊಂಡು ಒಂಬತ್ತು ದಿನಗಳಿಗೂ ಹೆಚ್ಚು ಕಾಲ ಎಡೆಬಿಡದೆ ೬೮೭ ಕಿಲೋಮೀಟರು ಈಜಿತು. ಮತ್ತೆ ಅದನ್ನು ಹಿಡಿದು ತೂಗಿದಾಗ ದೇಹದ ತೂಕದಲ್ಲಿ ೧೦೦ಕ್ಕೆ ೨೨ರಷ್ಟು ಇಳಿದಿದ್ದಿತು. ಒಂದು ವರ್ಷದ ಮರಿ ಜೊತೆಯಲ್ಲಿರಲಿಲ್ಲ. ಕೆನಡದ ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ೨೦೧೬ರ ಗಣತಿಯಲ್ಲಿ ೮೪೨ ಎಂದು ಅಂದಾಜಾದ ಕರಡಿಗಳು ೨೦೨೧ರಲ್ಲಿ ೬೧೮ ಎಂದು ಅಂದಾಜಾದುವು. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಇಳಿಮುಖವಾಗಿಲ್ಲ. ಒಟ್ಟು ಸಂಖ್ಯೆ ಸುಮಾರು ೨೬,೦೦೦ ಎಂದು ೨೦೧೫ರಲ್ಲಿ ಅಂತರರಾಷ್ಟ್ರೀಯ ತಜ್ಞರು ಲೆಕ್ಕ ಹಾಕಿದ್ದರು. ಹಾಗೆಂದು ಮಗುವನ್ನು ಹೆದರಿಸುವ ಚಿತ್ರವನ್ನು ಕೊಡಬೇಕೆಂದು ನಾನು ಹೇಳುವುದಿಲ್ಲ. ಒಂಟಿ ಗಡ್ಡೆಯ ಮೇಲೆ ಅಳುವ ಕರಡಿಯ ಹಾಳೆಗಳೂ ಬಂದಿವೆ. ಅವು ನಗುವ ಅಪ್ಪ ಕರಡಿಯಷ್ಟೇ ಸುಳ್ಳು. ಕರಡಿ ಅಳುವುದಿಲ್ಲ, ಈಜುತ್ತದೆ.

ಹಾಗಾದರೆ ಹಾಳೆ ಹೇಗಿರಬೇಕು? ದೋಷವನ್ನು ಹೇಳಿದವನು ಒಂದು ಮಾದರಿಯನ್ನೂ ಹೇಳಬೇಕಷ್ಟೆ. ಸಣ್ಣ ಮಕ್ಕಳ ಕೈಗೆ ದಪ್ಪ ಗೆರೆಯೇ ಒಳ್ಳೆಯದು. ಕೂದಲಿನ ಎಳೆಗಳನ್ನು ಬಿಡಿಬಿಡಿಯಾಗಿ ಬರೆದರೆ ಝೆರಾಕ್ಸಿನಲ್ಲಿ ಅವು ಕಲಸಿಹೋಗುತ್ತವೆ. ಹಾಳೆಯನ್ನು ಅಡ್ಡಲಾಗಿ ಇಟ್ಟು, ಎಡಗಡೆಗೆ ನೀಳ ಕತ್ತಿನ ತಾಯಿ, ಹಿಂದೆ ಎರಡು ಮರಿ. ತುಸು ದೂರದಲ್ಲಿ ಒಂದು ಹಿಮನರಿ. ಕರಡಿ ತಿಂದು ಬಿಟ್ಟುದನ್ನು ತಿನ್ನಲು ಅದು ಹಿಂಬಾಲಿಸುವುದುಂಟು. ಕಾಲಕೆಳಗೆ ಒಡೆದ ಮಂಜುಗಡ್ಡೆಯ ಹಲಗೆಗಳು, ಅವುಗಳ ನಡುವೆ ಅಗಲವಾಗಿ ನೀರು. ಆಕಾಶಕ್ಕೆ ಮೂರನೆಯ ಒಂದು ಪಾಲು ಜಾಗ. ಧ್ರುವಪ್ರದೇಶದ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದಿಲ್ಲವಾದುದರಿಂದ ಇಷ್ಟವಿದ್ದವರು ಅದಕ್ಕೆ ಕಪ್ಪನ್ನೇ ತುಂಬಿ ನಕ್ಷತ್ರಗಳ ಜಾಗವನ್ನು ಖಾಲಿ ಬಿಡಲಿ, ಬೇಕಾದರೆ ಆ ಏಳನ್ನೂ. ಆದರೆ ಆಗ ಗಂಡು ಕರಡಿಯೊಂದನ್ನು ಒಂಟಿಯಾಗಿ ಬರೆಯಬೇಕು, ಏಕೆಂದರೆ ಆ ತಿಂಗಳುಗಳಲ್ಲಿ ಎಳೆ ಮರಿಗಳ ತಾಯಿ ಹಿಮದ ಗುಹೆಯೊಳಗಿರುತ್ತದೆ. ಗಂಡು ನಿದ್ರಿಸದೆ ಆ ಕತ್ತಲಿನಲ್ಲಿಯೇ ಬೇಟೆಯಾಡುತ್ತಿರುತ್ತದೆ. ಬಲಗಡೆಯ ಮೂಲೆಯಲ್ಲಿ ಸೀಲ್ ಉಸಿರಾಡುವ ರಂಧ್ರ, ಅದರಿಂದ ಮೇಲೆ ಬಂದ ಮೀಸೆಯ ಮೂತಿ. ಅದನ್ನು ಕರಡಿಗೆ ತೀರ ಹತ್ತಿರ ಬರೆಯಬಾರದು; ನಡುವೆ ನಾಲ್ಕು ಬೆರಳಿನಷ್ಟು ಜಾಗವಿರಲಿ. ಕರಡಿಗೆ ಅದು ಸಿಕ್ಕಿತೋ ಇಲ್ಲವೋ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ.